ಮೊದಲ ಸೂಲಿನ ರೇಸ್ ಕುದುರೆ, ಎರಡೂವರೆ ಲಕ್ಷದೊಳಗೆ ಯಾವ ಸ್ಟಾಲಿಯನ್?

ಹುತ್ರಿದುರ್ಗ ತಪ್ಪಲು, ಕುಣಿಗಲ್

ಎಲ್ಲರಿಗೂ ನಮಸ್ಕಾರ. ಥರೋಬ್ರೆಡ್ (ರೇಸ್ ತಳಿ) ಹೆಣ್ಣು, ಆರು ವರ್ಷ, ಎತ್ತರ 15.2 ಹ್ಯಾಂಡ್ಸ್ (ಒಂದು ಹ್ಯಾಂಡ್ ನಾಲ್ಕು ಇಂಚು), ಕಂದು ಬಣ್ಣ. 1200 ಮೀಟರಿನಲ್ಲಿ ಎರಡು ಗೆಲುವು, 1400ರಲ್ಲಿ ಒಂದು. ಓಟ ಬಿಟ್ಟಾಗ ರೇಟಿಂಗ್ (ಓಟದ ಯೋಗ್ಯತೆಯ ಅಂಕ) 48. ಇದರ ತಾಯಿ ರಜೀನ್ ಅನ್ನೋ ಸ್ಟಾಲಿಯನ್ನಿನ (ತಳಿಗೆ ಬಿಟ್ಟ ಗಂಡು) ಮಗಳು. ಮುಂಗಾಲಿನ ಮಂಡಿ ಪಕ್ಕದಿಂದ ನೋಡಿದರೆ ತುಸು ಹಿಂದಕ್ಕೆ ಬಾಗಿದೆ. ಇದುವರೆಗೆ ಗಂಡು ತೋರಿಸಿಲ್ಲ. 2026ರ ಫೆಬ್ರವರಿಗೆ ಹಾಯಿಸುವ ಯೋಚನೆ.

ಗಂಡು ಹಾಯಿಸುವ ಶುಲ್ಕಕ್ಕೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಆಗಲ್ಲ. ಕೈಗೆ ಸಿಗುವಂಥವು ಮೂರಿವೆ, ಹೆಸರು ಹಾಕಲ್ಲ:
ಅ) 17 ವರ್ಷ, ಮರಿಗಳು ದೊಡ್ಡ ರೇಸ್ ಗೆದ್ದಿವೆ, ತಾನು 2400 ಮೀಟರ್ ಓಡಿದ್ದು. ಶುಲ್ಕ 2.5 ಲಕ್ಷ.
ಆ) ಹೊರದೇಶದಲ್ಲಿ 1400ರ ಗ್ರೂಪ್ ರೇಸ್ (ಮೇಲ್ದರ್ಜೆಯ ರೇಸ್) ಗೆದ್ದದ್ದು, ಹೆಸರಾಂತ ಸ್ಟಾಲಿಯನ್ ಡೇನ್‌ಹಿಲ್ ಮೊಮ್ಮಗ, 2023ರಿಂದ ಸ್ಟಡ್‌ನಲ್ಲಿದೆ (ತಳಿ ಸಾಕಣೆ ಕೇಂದ್ರ). 1.25 ಲಕ್ಷ.
ಇ) ನಮ್ಮಲ್ಲೇ ಓಡಿದ್ದು, ಡರ್ಬಿಯಲ್ಲಿ ಮೂರನೇ ಸ್ಥಾನ, ಇನ್ನೂ ಮರಿ ಓಡಿಲ್ಲ. 60 ಸಾವಿರ.

ಮರಿಯನ್ನು ಮಾರುವುದೇ ಉದ್ದೇಶ, ಬೆಲೆ ಬರದಿದ್ದರೆ ನಾವೇ ಓಡಿಸ್ತೀವಿ. ತಿಳಿದವರು ಹೇಳಿ.

ಲೆಕ್ಕದ ಪುಸ್ತಕ, ಮಾಲೂರು

ಅಣ್ಣ, ಮೊದಲು ಶುಲ್ಕ ಬಿಟ್ಟು ಉಳಿದದ್ದು ಬರೆದುಕೊಳ್ಳಿ. ದರ ನಿಮ್ಮದು ಹಾಕಿಕೊಳ್ಳಿ, ನಾನು ಲೆಕ್ಕಕ್ಕೆ ಒಂದು ಅಂಕಿ ಇಟ್ಟಿದ್ದೀನಿ ಅಷ್ಟೇ.

ಗಬ್ಬದ 11 ತಿಂಗಳು ತಿಂಗಳಿಗೆ 20 ಸಾವಿರದಂತೆ 2.2 ಲಕ್ಷ. ಮರಿ ಹಾಕಿದ ಮೇಲೆ ಹಾಲು ಬಿಡಿಸುವವರೆಗೆ ಆರು ತಿಂಗಳು, ತಾಯಿ ಮರಿ ಎರಡಕ್ಕೂ 28 ಸಾವಿರದಂತೆ 1.68. ಆಮೇಲೆ ಮರಿ ಒಂದೂವರೆ ವರ್ಷದ್ದಾಗುವವರೆಗೆ 12 ತಿಂಗಳು, 18 ಸಾವಿರದಂತೆ 2.16. ಡಾಕ್ಟರು, ಸ್ಕ್ಯಾನ್, ಲಸಿಕೆ, ಹುಳುವಿನ ಔಷಧಿ, ಗೊರಸು, ಸಾಗಣೆ, ಪಾಸ್‌ಪೋರ್ಟು, ಡಿಎನ್‌ಎ ಎಲ್ಲ ಸೇರಿ ಒಂದು 90 ಸಾವಿರ. ಒಟ್ಟು 6.94 ಲಕ್ಷ, ಶುಲ್ಕ ಇನ್ನೂ ಸೇರಿಲ್ಲ.

ಈಗ ಶುಲ್ಕ ಸೇರಿಸಿ. 'ಇ' ಆದರೆ 7.54, 'ಆ' ಆದರೆ 8.19, 'ಅ' ಆದರೆ 9.44. ಅಗ್ಗದ್ದಕ್ಕೂ ದುಬಾರಿಯದಕ್ಕೂ 1.9 ಲಕ್ಷ ವ್ಯತ್ಯಾಸ. ಕುದುರೆ ಗಬ್ಬ ನಿಲ್ಲದೆ ಒಂದು ವರ್ಷ ಖಾಲಿ ಹೋದರೆ ಮೇವು ಕೂಲಿಗೇ 2.4 ಲಕ್ಷ. ಅಂದರೆ ನೀವು ಮೂರು ಗಂಡುಗಳ ನಡುವೆ ಕುಸ್ತಿ ಮಾಡ್ತಿರೋ ಮೊತ್ತಕ್ಕಿಂತ ಒಂದು ಖಾಲಿ ವರ್ಷವೇ ಜಾಸ್ತಿ ತಿನ್ನುತ್ತೆ.

ಅದಕ್ಕೇ ಸ್ಟಡ್‌ನವರನ್ನ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಗೆದ್ದಿದೆ" ಅಂತಲ್ಲ, "ಒಂದು ಬೆದೆಗೆ ನೂರಕ್ಕೆ ಎಷ್ಟು ನಿಲ್ಲುತ್ತೆ" ಅಂತ. ಅವರು ಇಡೀ ಸೀಸನ್ನಿನ ಅಂಕಿ ಹೇಳ್ತಾರೆ, "ನೂರಕ್ಕೆ 85" ಅಂತ. ಅದು ಮೂರ್ನಾಲ್ಕು ಸಲ ಹಾಯಿಸಿದ ಮೇಲಿನ ಅಂಕಿ. ಬೆದೆಗೆ 65 ನಿಲ್ಲಿಸೋ ಗಂಡು ಮೂರು ಬೆದೆಯಲ್ಲಿ 96ರವರೆಗೆ ಹೋಗುತ್ತೆ, ಬೆದೆಗೆ 45 ಇದ್ದದ್ದು ಮೂರು ಬೆದೆಗೆ 83. ಎರಡೂ "ಚೆನ್ನಾಗಿದೆ" ಅಂತ ಕೇಳಿಸುತ್ತೆ. ಆದರೆ ಎರಡನೆಯದರ ಮರಿ ತಡವಾಗಿ ಹುಟ್ಟೋ ಸಾಧ್ಯತೆ ಜಾಸ್ತಿ. ಜನವರಿ 1ಕ್ಕೆ ಎಲ್ಲಕ್ಕೂ ಒಂದೇ ವಯಸ್ಸು ಲೆಕ್ಕ, ಮಾರಾಟದಲ್ಲಿ ಅದು ಚಿಕ್ಕದಾಗಿ ಕಾಣುತ್ತೆ.

ಡಾಕ್ಟರು, ಗೌರಿಬಿದನೂರು

ಮೇಲಿನವರ ಲೆಕ್ಕ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಗಬ್ಬ ನಿಲ್ಲದಿದ್ದರೆ ಗಂಡಿನ ಮೇಲೆ ಹಾಕುವುದು ರೂಢಿ, ಆದರೆ ನಾನು ಮೊದಲು ನೋಡುವುದು ಹೆಣ್ಣನ್ನು. ಸ್ಟಾಲಿಯನ್ ಹುಡುಕುವ ಮೊದಲೇ ಡಿಸೆಂಬರ್‌ನಲ್ಲಿ ಇವನ್ನು ಮುಗಿಸಿ.

ಬಾಲ ಎತ್ತಿಸಿ ಹಿಂದೆ ನಿಲ್ಲಿ. ಯೋನಿಯ ತುಟಿಗಳು ನೇರವಾಗಿ ಕೆಳಗಿಳಿದಿರಬೇಕು. ಮೇಲ್ಭಾಗ ಗುದದ ಕಡೆಗೆ ಒಳಗೆ ಸೆಳೆದುಕೊಂಡು ಇಳಿಜಾರು ಹಲಗೆಯಂತೆ ಮಲಗಿದ್ದರೆ ಸಗಣಿ ಅದರ ಮೇಲೇ ಬೀಳುತ್ತದೆ. ಅಂಗೈಯನ್ನು ಪಕ್ಕದಲ್ಲಿಟ್ಟು ಒಳಗಿನ ಸೊಂಟದ ಮೂಳೆಯ ಅಂಚನ್ನು ಒತ್ತಿ ಗುರುತಿಸಿ. ಯೋನಿಯ ಉದ್ದದಲ್ಲಿ ಮೂರರಲ್ಲಿ ಎರಡು ಪಾಲಾದರೂ ಆ ಅಂಚಿಗಿಂತ ಕೆಳಗಿರಬೇಕು. ಆಮೇಲೆ ಎರಡು ತುಟಿಗಳನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಅಗಲಿಸಿ ಕಿವಿಗೊಡಿ. "ಸುಯ್" ಎಂದು ಗಾಳಿ ಒಳಗೆ ಎಳೆದ ಸದ್ದು ಬಂದರೆ ಒಳಗಿನ ಬಾಗಿಲು ಭದ್ರವಾಗಿಲ್ಲ. ರೇಸಿನಿಂದ ಬಂದ ತೆಳ್ಳನೆಯ ಹೆಣ್ಣುಗಳಲ್ಲಿ ಇದು ಸಾಮಾನ್ಯ, ಕೊಬ್ಬು ಸೇರಿದಂತೆ ಸುಧಾರಿಸುತ್ತದೆ. ಸುಧಾರಿಸದಿದ್ದರೆ ಮೇಲ್ಭಾಗಕ್ಕೆ ಹೊಲಿಗೆ, ಅದನ್ನು ಕ್ಯಾಸ್ಲಿಕ್ ಎನ್ನುತ್ತೇವೆ. ಹೊಲಿಗೆ ಹಾಕಿದ್ದನ್ನು ಹಾಯಿಸುವ ಮುನ್ನ ಬಿಚ್ಚಬೇಕು, ಮರಿ ಹಾಕುವ ಎರಡು ಮೂರು ವಾರ ಮೊದಲು ಬಿಚ್ಚಲೇಬೇಕು. ಮರೆತರೆ ಹರಿಯುತ್ತದೆ.

ಎರಡನೆಯದು ಮೈ. ಒಂದರಿಂದ ಒಂಬತ್ತರ ಅಳತೆಯಲ್ಲಿ ಆರರ ಆಸುಪಾಸು ಬರಲಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸಿಗಬೇಕು.

ಮೂರನೆಯದು ಗರ್ಭಕೋಶದ ಸ್ವ್ಯಾಬ್, ಜೊತೆಗೆ ಚಂದ್ರನಾಡಿಯ ಗುಣಿಯಿಂದಲೂ ಒಂದು. ಟೇಲೊರೆಲ್ಲಾ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಈ ಮೂರು ರೋಗಾಣುಗಳನ್ನು ನೋಡುತ್ತಾರೆ. ಗ್ಲ್ಯಾಂಡರ್ಸ್ ಮತ್ತು ಇಕ್ವೈನ್ ಇನ್ಫೆಕ್ಷಿಯಸ್ ಅನೀಮಿಯಾ ರಕ್ತಪರೀಕ್ಷೆಯ ವರದಿಯನ್ನೂ ಸ್ಟಡ್‌ನವರು ಕೇಳುತ್ತಾರೆ, ಮೊದಲೇ ಮಾಡಿಸಿಡಿ. ಮೊದಲ ಸೂಲಿನದಾದ್ದರಿಂದ ಒಳಪೊರೆ ಉಳಿದಿದೆಯೇ, ಗರ್ಭಕೊರಳು ಬೆದೆಯಲ್ಲಿ ಸಡಿಲವಾಗುತ್ತದೆಯೇ ಎಂದೂ ಕೈಹಾಕಿ ನೋಡಬೇಕು.

ಓಡುವಾಗ ಸ್ನಾಯುವಿಗೆಂದು ಹಾರ್ಮೋನು ಕೊಟ್ಟಿದ್ದರೆ ಬೆದೆಯೇ ಬಾರದೆ ತಿಂಗಳುಗಟ್ಟಲೆ ಕಾಯಿಸುತ್ತದೆ. ಹಿಂದಿನ ಔಷಧಿಯ ಚೀಟಿ ಸಿಕ್ಕರೆ ತರಿಸಿಕೊಳ್ಳಿ.

ವಂಶದ ಪೇಪರು, ಕೋಲಾರ

ರಜೀನ್ ಅಂದಕೂಡಲೇ ನಾರ್ದರ್ನ್ ಡ್ಯಾನ್ಸರ್ ಅನ್ನೋ ಹೆಸರಾಂತ ಹಳೇ ಸ್ಟಾಲಿಯನ್ ನೆನಪಾಗುತ್ತೆ, ಅದರ ಮಗನೇ ಅಲ್ವಾ. ಡೇನ್‌ಹಿಲ್ ಡ್ಯಾನ್‌ಜಿಗ್ ಮಗ, ಡ್ಯಾನ್‌ಜಿಗ್ ನಾರ್ದರ್ನ್ ಡ್ಯಾನ್ಸರ್ ಮಗ. 'ಆ' ಹಾಕಿದರೆ ಎರಡೂ ಕಡೆ ಅದೇ ಅಜ್ಜ ಬರ್ತಾನೆ ಅಂತ ಯಾರಾದ್ರೂ ಹೆದರಿಸ್ತಾರೆ. ಹುಟ್ಟೋ ಮರಿಯಲ್ಲಿ ಒಳಸಂಬಂಧ ಎಷ್ಟು ಪರ್ಸೆಂಟ್ ಅಂತ ಎಣಿಸಿ ಬಿಡೋಣ.

ಹುಟ್ಟೋ ಮರಿಯಿಂದ ಶುರು ಮಾಡಿ. ತಂದೆ ಕಡೆ: ಸ್ಟಾಲಿಯನ್ 1, ಅದರಪ್ಪ 2, ಡೇನ್‌ಹಿಲ್ 3, ಡ್ಯಾನ್‌ಜಿಗ್ 4, ನಾರ್ದರ್ನ್ ಡ್ಯಾನ್ಸರ್ 5. ಮೊಮ್ಮಗ ಅಂದಿದ್ದೀರಿ, ಅಪ್ಪನ ಕಡೆಯಿಂದ ಅಂತ ಇಟ್ಕೊಂಡಿದ್ದೀನಿ. ತಾಯಿ ಕಡೆ: ನಿಮ್ಮ ಕುದುರೆ 1, ಅದರ ತಾಯಿ 2, ರಜೀನ್ 3, ನಾರ್ದರ್ನ್ ಡ್ಯಾನ್ಸರ್ 4. ಅಂದ್ರೆ 5×4. ಎರಡನ್ನೂ ಕೂಡಿ ಒಂದು ಕಳೆದರೆ 8. ಅರ್ಧವನ್ನ ಎಂಟು ಸಲ ಗುಣಿಸಿ, 256ರಲ್ಲಿ ಒಂದು, ಶೇ. 0.39. ಡೇನ್‌ಹಿಲ್‌ನಲ್ಲಿ ಇನ್ನೊಂದು ಎಳೆ ಇದೆ. ನಾರ್ದರ್ನ್ ಡ್ಯಾನ್ಸರ್‌ನ ತಾಯಿ ನಟಾಲ್ಮಾ ಡೇನ್‌ಹಿಲ್‌ನ ತಾಯಿ ಕಡೆಯೂ ಬರ್ತಾಳೆ, ಡೇನ್‌ಹಿಲ್ ತಾನೇ ಅವಳಿಗೆ 3×3. ಆ ದಾರಿ ಸೇರಿಸಿದರೆ ಇನ್ನೊಂದು 0.10. ಎಲ್ಲ ಸೇರಿ ಅರ್ಧ ಪರ್ಸೆಂಟ್. ಹೊರದೇಶದ ಹೆಸರಾಂತ ರೇಸ್ ಕುದುರೆ ಫ್ರಾಂಕೆಲ್ ನಾರ್ದರ್ನ್ ಡ್ಯಾನ್ಸರ್‌ಗೆ 3×4, ಅದೊಂದೇ ಶೇ. 1.56. ಹೋಲಿಸಿ ನೋಡಿ. 2×3ಕ್ಕೆ ಬಂದರೆ 6.25, ಅಲ್ಲಿ ನಾನು ಕೈ ಎತ್ತಿಬಿಡ್ತೀನಿ.

ಇನ್ನು "ನಿಕ್" ಅನ್ನೋ ಮಾತು, ಅಂದ್ರೆ ಇಂಥ ವಂಶಕ್ಕೆ ಇಂಥ ವಂಶ ಚೆನ್ನಾಗಿ ಕೂಡುತ್ತೆ ಅನ್ನೋದು. ಗೆಲಿಲಿಯೋ ಗಂಡು, ಡೇನ್‌ಹಿಲ್ ಹೆಣ್ಣು ಜೋಡಿ ಅದ್ಭುತ ಅಂತಾರೆ, ಫ್ರಾಂಕೆಲ್ ಆ ಜೋಡಿಯದ್ದೇ. ಆದರೆ ಗೆಲಿಲಿಯೋಗೆ ಹೋದ ಡೇನ್‌ಹಿಲ್ ಹೆಣ್ಣುಗಳು ಎಂಥ ಮನೆತನದವು ಅಂತ ಯಾರೂ ಕೇಳಲ್ಲ. ಒಳ್ಳೇ ಹೆಣ್ಣು ಒಳ್ಳೇ ಗಂಡಿಗೆ ಹೋಗಿ ಒಳ್ಳೇದು ಹುಟ್ಟಿದರೆ ಅದನ್ನ ಜೋಡಿಯ ಮಹಿಮೆ ಅಂತ ಮಾರೋದು ಸುಲಭ.

ಅದರ ಬದಲು ಇದನ್ನ ಮಾಡಿ. ಆ ಗಂಡಿನ ನಾಲ್ಕು ವರ್ಷ ದಾಟಿದ ಮರಿಗಳ ಪಟ್ಟಿ ಬರೆಯಿರಿ. ಎಷ್ಟು ಹುಟ್ಟಿದವು, ಎಷ್ಟು ಓಡಿದವು, ಎಷ್ಟು ಗೆದ್ದವು, ಎಷ್ಟು 60ರ ರೇಟಿಂಗ್ ದಾಟಿದವು. ಆಮೇಲೆ ಅವೇ ತಾಯಂದಿರು ಬೇರೆ ಗಂಡಿನಿಂದ ಹಾಕಿದ ಮರಿಗಳಿಗೆ ಇದೇ ನಾಲ್ಕು ಅಂಕಿ. ಈ ಗಂಡಿನಿಂದ ಬಂದದ್ದು ಮೇಲಿದ್ದರೆ ಅದು ಹೆಣ್ಣನ್ನ ಎತ್ತುತ್ತೆ. ಸಮ ಇದ್ದರೆ ಹೆಣ್ಣುಗಳ ದುಡಿಮೆ, ಹೆಸರು ಗಂಡಿಗೆ. ಹೊರದೇಶದಲ್ಲಿ ಇದನ್ನೇ ಎಇಐ (ಈ ಗಂಡಿನ ಮರಿಗಳ ಗಳಿಕೆ), ಸಿಐ (ಅವೇ ತಾಯಂದಿರ ಬೇರೆ ಮರಿಗಳ ಗಳಿಕೆ) ಅಂತ ಎರಡು ಅಂಕಿಯಲ್ಲಿ ಕೊಡ್ತಾರೆ, ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಿರಬೇಕು. ನಮ್ಮಲ್ಲಿ ಕೈಯಾರೆ ಎಣಿಸಬೇಕು, ಒಂದು ಭಾನುವಾರದ ಕೆಲಸ. 30 ಮರಿಗಿಂತ ಕಡಿಮೆ ಇದ್ದರೆ ಅಂಕಿಗೆ ಅರ್ಥವಿಲ್ಲ, ಒಂದು ಒಳ್ಳೇ ಮರಿ ಇಡೀ ಲೆಕ್ಕ ತಿರುಗಿಸುತ್ತೆ.

ಹುತ್ರಿದುರ್ಗ ತಪ್ಪಲು, ಕುಣಿಗಲ್

ಎಲ್ಲರಿಗೂ ಥ್ಯಾಂಕ್ಸ್. ಎರಡು ಅನುಮಾನ. 'ಅ' 16.3 ಹ್ಯಾಂಡ್ಸ್, ನಮ್ಮದು 15.2. ಮರಿ ದೊಡ್ಡದಾಗಿ ಹೆರಿಗೆ ಕಷ್ಟ ಆಗುತ್ತಾ? ಇನ್ನೊಂದು, ಮಂಡಿ ಹಿಂದಕ್ಕಿರೋದಕ್ಕೆ ಮಂಡಿ ಮುಂದಕ್ಕಿರೋ ಗಂಡು ಹಾಕಿದರೆ ಸರಿಹೋಗುತ್ತೆ ಅಂತ ಒಬ್ಬರು ಹೇಳಿದ್ರು.

ಲಾಳ ಮೊಳೆ, ಸಿರಾ

ಸರಿಹೋಗಲ್ಲ ಸಾರ್. ಸೊಟ್ಟಕ್ಕೆ ಸೊಟ್ಟ ಹಾಕಿದ್ರೆ ನೆಟ್ಟಗಾಗಲ್ಲ. ಒಂದು ಮರಿಗೆ ಹಿಂದಕ್ಕೆ ಬರುತ್ತೆ, ಇನ್ನೊಂದಕ್ಕೆ ಮುಂದಕ್ಕೆ ಬರುತ್ತೆ, ಯಾವತ್ತೋ ಒಂದು ನೆಟ್ಟಗೆ. ಮಂಡಿ ನೇರ ಇರೋ ಗಂಡನ್ನೇ ಹುಡುಕಿ. ಗಂಡು ಒಂದನ್ನ ನೋಡಿ ಬಂದರೂ ಸಾಲದು, ಅದರ ಐದಾರು ಮರಿ ನೋಡಿ. ಅಪ್ಪ ನೆಟ್ಟಗಿದ್ದು ಮರಿಗಳೆಲ್ಲ ಗೊರಸಿನ ತುದಿ ಒಳಕ್ಕೆ ಹಾಕಿ ನಡೆಯೋದೂ ಉಂಟು.

ನೋಡೋ ಕ್ರಮ: ಗಟ್ಟಿ ನೆಲದ ಮೇಲೆ ನಿಲ್ಸಿ. ಮುಂದಿನಿಂದ ನೋಡಿದಾಗ ಎದೆಯ ಮೂಲೆಯಿಂದ ಬಿಟ್ಟ ದಾರ ಮಂಡಿಯ ನಡುವೆ, ಗೊರಸಿನ ಮೇಲಿನ ಕೀಲಿನ ನಡುವೆ, ಗೊರಸಿನ ನಡುವೆ ಇಳೀಬೇಕು. ಮಂಡಿ ಕೆಳಗಿನ ನಳಿಗೆ ಮೂಳೆ ಹೊರಗಡೆಗೆ ಜರುಗಿದ್ದರೆ ಒಳಗಡೆ ಸ್ಪ್ಲಿಂಟ್ ಅನ್ನೋ ಮೂಳೆಗಂಟು ಬರುತ್ತೆ. ಪಕ್ಕದಿಂದ ಮಂಡಿ ನೋಡಿ, ನಿಮ್ಮದರ ಸಮಸ್ಯೆ ಅಲ್ಲೇ. ಹಿಂದಕ್ಕೆ ಬಾಗಿದ ಮಂಡಿ ವೇಗದಲ್ಲಿ ಇನ್ನೂ ಹಿಂದಕ್ಕೆ ಮಡಚಿಕೊಂಡು ಮುಂದಿನ ಅಂಚಿನ ಸಣ್ಣ ಮೂಳೆ ಚೂರಾಗುತ್ತೆ. ಆಮೇಲೆ 20 ಹೆಜ್ಜೆ ನಡೆಸಿ ವಾಪಸ್ ಕರೆಸಿ. ಫೋನಲ್ಲಿ ನಿಧಾನಗತಿಯಲ್ಲಿ ವಿಡಿಯೋ ತೆಗೆದರೆ ಕಣ್ಣಿಗೆ ತಪ್ಪಿದ್ದೆಲ್ಲ ಸಿಗುತ್ತೆ. ಗೊರಸು ಕೈಯಲ್ಲಿ ಎತ್ತಿ ಹಿಮ್ಮಡಿ ನೋಡಿ. ಹಿಮ್ಮಡಿ ತಗ್ಗಿದ್ದು, ಮುಂದೆ ಉದ್ದ ಇದ್ದದ್ದು ಮನೆತನದಲ್ಲಿ ಹರಿದು ಬರುತ್ತೆ. ಲಾಳ ಹೊಸದಾಗಿ ಹೊಡೆದ ದಿನ ಹೋಗ್ಬೇಡಿ, ಎಲ್ಲ ಚೆನ್ನಾಗೇ ಕಾಣುತ್ತೆ.

ಡಾಕ್ಟರು, ಗೌರಿಬಿದನೂರು

ಗಾತ್ರದ ಭಯ ಬೇಡ. ಹುಟ್ಟುವ ಮರಿಯ ಅಳತೆಯನ್ನು ಬಹುಪಾಲು ತಾಯಿಯ ಗರ್ಭಕೋಶ ನಿರ್ಧರಿಸುತ್ತದೆ. 1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ದೈತ್ಯ ಶೈರ್ ಕುದುರೆಗೂ ಕುಳ್ಳ ಶೆಟ್ಲೆಂಡ್‌ಗೂ ಅಡ್ಡತಳಿ ಮಾಡಿಸಿ ತೋರಿಸಿದ್ದರು. ಶೆಟ್ಲೆಂಡ್ ತಾಯಿಯ ಮರಿ ಶೆಟ್ಲೆಂಡ್ ಹೊಟ್ಟೆಗೆ ತಕ್ಕಷ್ಟೇ ಇತ್ತು. ಹಾಯಿಸುವಾಗಿನ ಅಂತರ ಮಾತ್ರ ನಿಜವಾದ ತೊಂದರೆ. ಮೊದಲ ಸೂಲಿನ ಹೆಣ್ಣಿಗೆ ಗಂಡು ಆಳಕ್ಕೆ ಹೋಗಿ ಯೋನಿಯ ಮೇಲ್ಗೋಡೆ ಹರಿಯದಂತೆ ನಡುವೆ ದಿಂಬಿನ ಉರುಳೆ ಇಡಲು ಹೇಳಿ. ಒಳ್ಳೆಯ ಸ್ಟಡ್‌ನಲ್ಲಿ ಕೇಳುವ ಮೊದಲೇ ಇಡುತ್ತಾರೆ.

1200 ಮೀಟರ್, ಚಿಂತಾಮಣಿ

ನೀವೆಲ್ಲ ಮಂಡಿ, ಅಜ್ಜಿ ಅಂತಿದ್ದೀರಿ. ಮಾರೋದಾದರೆ ಮಾತು ಬೇರೆ. ಕೊಳ್ಳೋರು ಕ್ಯಾಟಲಾಗ್‌ನಲ್ಲಿ ಮೊದಲು ನೋಡೋದು ತಂದೆ ಹೆಸರು, ಆಮೇಲೆ ತಾಯಿ ಕೆಳಗೆ ದಪ್ಪಕ್ಷರ ಎಷ್ಟಿದೆ ಅಂತ, ಅಂದರೆ ದೊಡ್ಡ ರೇಸಲ್ಲಿ ಹೆಸರು ಮಾಡಿದ ಸಂಬಂಧಿಗಳು ಎಷ್ಟು ಅಂತ. ರೇಟಿಂಗ್ 48ರ ತಾಯಿ, ದಪ್ಪಕ್ಷರ ಇಲ್ಲ. 'ಅ' ಬಿಟ್ಟು ಬೇರೆ ಹಾಕಿದರೆ ಮರಿಯನ್ನ ಲಾಯದಿಂದ ಹೊರಗೆ ತಂದು ನೋಡೋರೂ ಇರಲ್ಲ. ನನ್ನ ವೋಟು 'ಅ'ಗೆ.

ಲೆಕ್ಕದ ಪುಸ್ತಕ, ಮಾಲೂರು

ಹೆಸರು ಬೇಕು, ಒಪ್ಪಿದೆ. ಹೆಸರಿಗೆ ಆಯಸ್ಸೂ ಇದೆ. 2026ರಲ್ಲಿ ಹಾಯಿಸಿದರೆ ಮರಿ 2027ಕ್ಕೆ, ಮಾರಾಟ 2028ಕ್ಕೆ. ಅಷ್ಟೊತ್ತಿಗೆ 'ಅ'ಗೆ 20 ವರ್ಷ. ಅದರ ಮರಿ ಪೇಟೆಯಲ್ಲಿ ಹೇರಳ, ಒಳ್ಳೇ ತಾಯಂದಿರ ಮರಿಗಳ ಪಕ್ಕದಲ್ಲೇ ನಿಮ್ಮದು ನಿಲ್ಲಬೇಕು. ಇಪ್ಪತ್ತರಲ್ಲಿ ಹತ್ತೊಂಬತ್ತನೆಯದು ಅನ್ನಿಸಿಕೊಂಡರೆ ಹೆಸರಿನಿಂದ ಏನೂ ಲಾಭವಿಲ್ಲ.

'ಆ' ಲೆಕ್ಕ ನೋಡಿ. 2023ರಲ್ಲಿ ಶುರು, ಮೊದಲ ಮರಿಗಳು 2024ಕ್ಕೆ. ಅವು 2026ರ ಕೊನೆಗೆ ಓಡೋಕೆ ಶುರು, 2027 ಪೂರ್ತಿ ಮೂರು ವರ್ಷದ ರೇಸುಗಳು. ನಿಮ್ಮ ಮರಿ ಮಾರೋ ಹೊತ್ತಿಗೆ 'ಆ' ಏನು ಅಂತ ಊರಿಗೆಲ್ಲ ಗೊತ್ತಾಗಿರುತ್ತೆ. ಚೆನ್ನಾಗಿ ಓಡಿದ್ದರೆ 1.25ಕ್ಕೆ ಕೊಂಡದ್ದು ಚಿನ್ನ. ಓಡದಿದ್ದರೆ ಮರಿಗೆ ಗಿರಾಕಿ ಇರಲ್ಲ, ನೀವೇ ಓಡಿಸಬೇಕು. ಜೂಜೇ ಇದು. ಸ್ಟಡ್‌ಗಳು ಮೂರನೇ ನಾಲ್ಕನೇ ವರ್ಷಕ್ಕೆ ಶುಲ್ಕ ಇಳಿಸೋದೂ ಇದಕ್ಕೇ, ಎಲ್ಲರೂ ಕಾದು ನೋಡ್ತಿರ್ತಾರೆ, ಹೆಣ್ಣು ಬರೋದು ಕಮ್ಮಿ. ಚೌಕಾಸಿಗೆ ಇದೇ ವರ್ಷ ಸರಿ. ಒಂದು ಹೆಣ್ಣಿಗೆ ಒಂದು ಲಕ್ಷ ಅಂತ ಕೇಳಿ ನೋಡಿ, ಇಲ್ಲ ಅಂದರೆ ಮರಿ ಹುಟ್ಟಿದ ಮೇಲೆ ದುಡ್ಡು ಅನ್ನಿ.

ಮೂರನೇ ದಾರಿ ಪಾಲುಗಾರಿಕೆ. ಗಂಡಿನವರು ಶುಲ್ಕ ಕೇಳಲ್ಲ, ನೀವು ಹೆಣ್ಣನ್ನೂ ಮರಿಯನ್ನೂ ಸಾಕ್ತೀರಿ, ಮಾರಿದ ದುಡ್ಡು ಅರ್ಧ ಅರ್ಧ. ಮೇಲಿನ ಲೆಕ್ಕದಲ್ಲಿ ನಿಮ್ಮ ಖರ್ಚು 6.94. ಮರಿ 10ಕ್ಕೆ ಹೋದರೆ ನಿಮಗೆ 5. ಅಂದರೆ ನಷ್ಟ. ಸಾಕೋ ಖರ್ಚು ಮೊದಲು ಕಳೆದು ಉಳಿದದ್ದು ಹಂಚೋದಾದರೆ ಮಾತ್ರ ಸಹಿ ಹಾಕಿ.

ವಂಶದ ಪೇಪರು, ಕೋಲಾರ

1200 ಮೀಟರ್ ಅವರೇ, ನಿಮ್ಮ ಹೆಸರಿಗೆ ತಕ್ಕ ವಿಷಯ ಒಂದು. 2010ರಲ್ಲಿ ಡಬ್ಲಿನ್‌ನ ಎಮೆಲೀನ್ ಹಿಲ್ ತಂಡ ಮಯೋಸ್ಟ್ಯಾಟಿನ್ ಅನ್ನೋ ಜೀನಿಗೂ ಓಟದ ದೂರಕ್ಕೂ ನಂಟಿದೆ ಅಂತ ತೋರಿಸ್ತು. ಆ ಜೀನಿಗೆ ಸಿ, ಟಿ ಅಂತ ಎರಡು ರೂಪ, ಅಪ್ಪನಿಂದ ಒಂದು ಅಮ್ಮನಿಂದ ಒಂದು ಬರುತ್ತೆ. ಸಿಸಿ ಆದರೆ ಚಿಕ್ಕ ದೂರ, ಸಿಟಿ ನಡುವಿನದು, ಟಿಟಿ ಉದ್ದದ್ದು. ನಿಮ್ಮ ಹೆಣ್ಣು 1200, 1400 ಗೆದ್ದಿದೆ, ಸಿಸಿ ಅಥವಾ ಸಿಟಿ ಇರಬಹುದು. 2400ರ 'ಅ' ಟಿಟಿ ಅಂತಿಟ್ಕೊಳ್ಳಿ. ಹೆಣ್ಣು ಸಿಸಿ ಆದರೆ ಮರಿ ಎಲ್ಲ ಸಿಟಿ. ಹೆಣ್ಣು ಸಿಟಿ ಆದರೆ ಅರ್ಧ ಸಿಟಿ, ಅರ್ಧ ಟಿಟಿ. ಟಿಟಿ ಬಂದರೆ ನಿಧಾನಕ್ಕೆ ಬೆಳೆಯುತ್ತೆ, ಬೇಗ ಓಡಿಸಿ ದುಡ್ಡು ನೋಡ್ತೀನಿ ಅನ್ನೋರಿಗೆ ಹೇಳಿ ಮಾಡಿಸಿದ್ದಲ್ಲ. ಬಾಲದ ಕೂದಲು ಬೇರು ಸಮೇತ ಕಿತ್ತು ಕಳಿಸಿದರೆ ಪರೀಕ್ಷೆ ಆಗುತ್ತೆ. ಇದು ದೂರ ಹೇಳುತ್ತೆ, ಯೋಗ್ಯತೆ ಹೇಳಲ್ಲ. ಕೊನೇ ಸ್ಥಾನದಲ್ಲಿ ಬರೋ ಸಿಸಿ ಎಷ್ಟು ಬೇಕಾದರೂ ಸಿಗುತ್ತೆ.

ಬಣ್ಣದ ಮೇಲೆ ಯಾರೂ ಹೋಗಬೇಡಿ. ಬೂದುಕುದುರೆ ಬೇಕು ಅಂತ ಗಂಡು ಆರಿಸಿದವರಿದ್ದಾರೆ ಅಂತ ಹೇಳ್ತಿದ್ದೀನಿ ಅಷ್ಟೇ.

ಪಾಣಿ ಪತ್ರ, ತುಮಕೂರು

ಕಾಗದದ ವಿಷಯ ಯಾರೂ ಎತ್ತಲಿಲ್ಲ. ಥರೋಬ್ರೆಡ್‌ಗೆ ಕೃತಕ ಗರ್ಭಧಾರಣೆ ನೋಂದಣಿಗೆ ನಡೆಯಲ್ಲ, ಹೆಣ್ಣೇ ಗಂಡಿನ ಬಳಿ ಹೋಗಬೇಕು. ಭಾರತದ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ನಿಮ್ಮ ಹೆಣ್ಣಿನ ಹೆಸರು, ಮೈಕ್ರೋಚಿಪ್ ಸಂಖ್ಯೆ, ಮಾಲೀಕತ್ವ ಸರಿಯಿದೆಯಾ ಅಂತ ಡಿಸೆಂಬರ್‌ನಲ್ಲೇ ನೋಡಿ. ರೇಸಿನಿಂದ ಕೊಂಡ ಕುದುರೆಯ ದಾಖಲೆಯಲ್ಲಿ ಸಂತಾನಕ್ಕೆ ಅಲ್ಲ ಎಂದು ನಮೂದು ಇದ್ದರೆ ಇಷ್ಟೆಲ್ಲ ಚರ್ಚೆ ನೀರಲ್ಲಿ ಹೋಮ.

ಒಪ್ಪಂದದಲ್ಲಿ ಬೆರಳಿಟ್ಟು ಓದಬೇಕಾದದ್ದು:

"ಮರಿ ಇಲ್ಲದಿದ್ದರೆ ಶುಲ್ಕ ಇಲ್ಲ" ಬೇರೆ, "ಮರಿ ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಉಚಿತ" ಬೇರೆ. ಎರಡನೆಯದರಲ್ಲಿ ದುಡ್ಡು ವಾಪಸ್ ಬರಲ್ಲ, ಬರೋದು ಇನ್ನೊಂದು ಅವಕಾಶ, ಅದೂ ಅದೇ ಹೆಣ್ಣಿಗೆ, ಅದೇ ಗಂಡಿಗೆ. 17 ವರ್ಷದ ಗಂಡು ಅಷ್ಟರಲ್ಲಿ ಸತ್ತರೆ ಅಥವಾ ಕೆಲಸ ಬಿಟ್ಟರೆ ಏನು ಅಂತ ಬರೆಸಿ. "ಜೀವಂತ ಮರಿ" ಅಂದರೆ ಏನು ಅಂತಲೂ ಬರೆಸಿ. ಎದ್ದು ನಿಂತು ತಾಯಿ ಹಾಲು ಕುಡಿದದ್ದು ಅಂತ ಇರಬೇಕು. ಉಸಿರಾಡಿ ಹತ್ತು ನಿಮಿಷಕ್ಕೆ ಹೋದದ್ದನ್ನೂ ಜೀವಂತ ಅಂತ ಲೆಕ್ಕ ಹಿಡಿಯೋ ಒಪ್ಪಂದಗಳಿವೆ. ಮರಿ ಸತ್ತು ಹುಟ್ಟಿದರೆ ಪಶುವೈದ್ಯರ ಪ್ರಮಾಣಪತ್ರ ಎಷ್ಟು ಗಂಟೆಯೊಳಗೆ ಕೊಡಬೇಕು ಅನ್ನೋ ಸಾಲನ್ನ ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಆ ರಾತ್ರಿ ಯಾರಿಗೂ ನೆನಪಿರಲ್ಲ. ಹಾಯಿಸಿದ ಪ್ರಮಾಣಪತ್ರ ಪೂರ್ತಿ ದುಡ್ಡು ಕೊಡೋವರೆಗೆ ಸ್ಟಡ್‌ನವರ ಕೈಯಲ್ಲೇ ಇರುತ್ತೆ. ಅದಿಲ್ಲದೆ ಮರಿ ನೋಂದಣಿ ಆಗಲ್ಲ, ನೋಂದಣಿ ಇಲ್ಲದ ಮರಿ ರೇಸಿಗೆ ಹೋಗಲ್ಲ. ಅಲ್ಲಿ ಹೆಣ್ಣು ಉಳಿಯೋ ದಿನಗಳ ಬಾಡಿಗೆ, ಮೇವು, ಅವರ ಡಾಕ್ಟರ ಫೀಸು ಶುಲ್ಕದಲ್ಲಿ ಸೇರಿರಲ್ಲ, ದಿನದ ಲೆಕ್ಕ ಕೇಳಿ.

ಡಾಕ್ಟರು, ಗೌರಿಬಿದನೂರು

ದಿನಾಂಕಗಳಿಗೆ ಬರೋಣ. ಗಬ್ಬ ಸರಾಸರಿ 340 ದಿನ, 320ರಿಂದ 365ರವರೆಗೂ ಹೋಗುತ್ತದೆ. ಫೆಬ್ರವರಿ 15ಕ್ಕೆ ಹಾಯಿಸಿದರೆ 340ನೇ ದಿನ ಜನವರಿ 21, 320ನೇ ದಿನ ಜನವರಿ 1. ಅದಕ್ಕಿಂತ ಮೊದಲು ಹಾಯಿಸಿ ಮರಿ ಡಿಸೆಂಬರ್ 31ಕ್ಕೆ ಬಿದ್ದರೆ ಮರುದಿನವೇ ಅದಕ್ಕೆ ಒಂದು ವರ್ಷ! ಹಾಗಾಗಿ ಫೆಬ್ರವರಿ ಮಧ್ಯವೇ ಸರಿ.

ಚಳಿಗಾಲದಲ್ಲಿ ಹಗಲು ಕಿರಿದಾದಾಗ ಹೆಣ್ಣುಗಳು ಬೆದೆ ನಿಲ್ಲಿಸುತ್ತವೆ. ಕುಣಿಗಲ್‌ನಂಥ 13 ಡಿಗ್ರಿ ಅಕ್ಷಾಂಶದಲ್ಲಿ ಹಗಲಿನ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ, ಇಲ್ಲಿ ಆ ಪರಿಣಾಮ ಉತ್ತರದಷ್ಟು ಗಟ್ಟಿಯಲ್ಲ. ಆದರೂ ಬೆದೆ ಮಬ್ಬಾಗಿದ್ದರೆ ಡಿಸೆಂಬರ್ 15ರಿಂದ ಲಾಯದಲ್ಲಿ ದೀಪ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡಿ. ಫಲ ಕಾಣಲು 60 ದಿನ ಬೇಕು.

ಬೆದೆ 21 ದಿನಕ್ಕೊಮ್ಮೆ, ಇರುವುದು ಐದರಿಂದ ಏಳು ದಿನ, ಅಂಡ ಬಿಡುವುದು ಬೆದೆ ಮುಗಿಯುವ ಒಂದೆರಡು ದಿನ ಮೊದಲು. ಅಂಡ ಬಿಟ್ಟ ಮೇಲೆ ಅದರ ಆಯಸ್ಸು 12 ಗಂಟೆಯೊಳಗೆ, ವೀರ್ಯ ಎರಡು ದಿನ ಕಾಯಬಲ್ಲದು. ಆದ್ದರಿಂದ ಮೊದಲು ಹಾಯಿಸಬೇಕು, ನಂತರ ಅಲ್ಲ. ಸ್ಕ್ಯಾನಿನಲ್ಲಿ ಅಂಡ ಬೆಳೆಯುವ ಕೋಶಕ 35 ಮಿ.ಮೀ. ದಾಟಿ ಗರ್ಭಕೋಶ ಊದಿದ್ದು ಕಂಡಾಗ ಎಚ್‌ಸಿಜಿ ಸೂಜಿ ಹಾಕಿದರೆ 36ರಿಂದ 48 ಗಂಟೆಯೊಳಗೆ ಅಂಡ ಬಿಡುತ್ತದೆ. ಆ ಅವಧಿಯಲ್ಲಿ ಒಂದೇ ಸಲ ಹಾಯಿಸಿದರೆ ಸಾಕು. ಎರಡು ದಿನದಲ್ಲಿ ಅಂಡ ಬಿಡದಿದ್ದರೆ ಮತ್ತೊಮ್ಮೆ. ಬರಿದೆ ದಿನ ಬಿಟ್ಟು ದಿನ ಹಾಯಿಸುವುದರಿಂದ ಗರ್ಭಕೋಶಕ್ಕೆ ಕೊಳೆ ಸೇರುತ್ತದೆ, ಅಷ್ಟೇ.

ಮರುದಿನ ಸ್ಕ್ಯಾನ್ ಮಾಡಿ. ಒಳಗೆ ಎರಡು ಸೆಂ.ಮೀ. ಗಿಂತ ಹೆಚ್ಚು ನೀರು ನಿಂತಿದ್ದರೆ ಅದನ್ನು ಹೊರಹಾಕಿಸಲು ಡಾಕ್ಟರ ಕೈಯಲ್ಲಿ ಆಕ್ಸಿಟೋಸಿನ್ ಸೂಜಿ, ಬೇಕಾದರೆ ತೊಳೆಯುವುದು.

ಅಂಡ ಬಿಟ್ಟ 14ನೇ ದಿನದ ಸ್ಕ್ಯಾನನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಕುದುರೆಗೆ ಅವಳಿ ಎಂದರೆ ಎರಡೂ ಹೋದ ಹಾಗೆ, ಏಳೆಂಟು ತಿಂಗಳಲ್ಲಿ ಕಂದು ಹಾಕುತ್ತದೆ. 16ನೇ ದಿನದವರೆಗೆ ಎರಡು ಚೀಲಗಳೂ ಒಳಗೆ ಓಡಾಡುತ್ತಿರುತ್ತವೆ, ಒಂದನ್ನು ಬೇರ್ಪಡಿಸಿ ಕೈಯಿಂದ ಒಡೆಯಬಹುದು. ಆಮೇಲೆ ಅಂಟಿಕೊಳ್ಳುತ್ತವೆ. 28ನೇ ದಿನ ಎದೆಬಡಿತ, 42ಕ್ಕೆ ಮತ್ತೊಮ್ಮೆ. ಸುಮಾರು 36ನೇ ದಿನದ ನಂತರ ಗಬ್ಬ ಜಾರಿದರೂ ಗರ್ಭಕೋಶದಲ್ಲಿ ಬೆಳೆದ ಎಂಡೊಮೆಟ್ರಿಯಲ್ ಕಪ್‌ಗಳು ಹಾರ್ಮೋನು ಸುರಿಸುತ್ತಲೇ ಇರುತ್ತವೆ. ಹೆಣ್ಣು ನಾಲ್ಕನೇ ತಿಂಗಳವರೆಗೆ ಸರಿಯಾಗಿ ಬೆದೆಗೆ ಬಾರದು, ಸೀಸನ್ ಮುಗಿದೇ ಹೋಗುತ್ತದೆ. ಅವಳಿ ಪತ್ತೆ 40ನೇ ದಿನಕ್ಕಾದರೆ ಆ ವರ್ಷ ಹೋಯಿತೆಂದೇ ಲೆಕ್ಕ.

ಹುರುಳಿ ಬೂಸಾ, ಬಾಗೇಪಲ್ಲಿ

ಗಬ್ಬ ನಿಂತ ಮೇಲೆ ಇಲ್ಲಿನವರು ಮಾಡೋ ತಪ್ಪು ಮೇವಿನಲ್ಲಿ. ದನಕ್ಕೆ ಹಾಕೋ ನೇಪಿಯರ್ ಹುಲ್ಲು ಕುದುರೆಗೂ, ಮೇಲೆ ಗೋಧಿ ಬೂಸಾ ಧಾರಾಳ. ನೇಪಿಯರ್‌ನ ಆಕ್ಸಲೇಟ್ ಸುಣ್ಣವನ್ನ (ಕ್ಯಾಲ್ಸಿಯಂ) ಹಿಡಿದಿಟ್ಟುಕೊಳ್ಳುತ್ತೆ, ಬೂಸಾದಲ್ಲಿ ರಂಜಕ (ಫಾಸ್ಫರಸ್) ಸುಣ್ಣದ ಹತ್ತು ಪಟ್ಟು. ಎರಡೂ ಸೇರಿದರೆ ಕುದುರೆ ತನ್ನ ಮೂಳೆಯಿಂದಲೇ ಸುಣ್ಣ ಎಳ್ಕೊಳ್ಳುತ್ತೆ, ಮುಖದ ಮೂಳೆ ಊದುತ್ತೆ, ಹೊಟ್ಟೆಯ ಮರಿಯ ಮೂಳೆಗೂ ಕೊರತೆ. ಎರಡೂವರೆ ಲಕ್ಷದ ಗಂಡು ಹಾಕಿಸಿ ಮರಿಯ ಕಾಲನ್ನ ಬೂಸಾದಲ್ಲಿ ಕಳೆದ ಹಾಗೆ.

ಸುಣ್ಣ ರಂಜಕಕ್ಕಿಂತ ಒಂದೂವರೆ ಪಟ್ಟು ಇರಬೇಕು. ಒಂದು ಕಿಲೋ ಬೂಸಾ ಹಾಕಿದರೆ 40 ಗ್ರಾಂ ಸುಣ್ಣಕಲ್ಲಿನ ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸಿ. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಹಾಕಬೇಡಿ, ಅದರಲ್ಲೂ ರಂಜಕ ಇದೆ. ಹಸಿರಿಗೆ ಕುದುರೆ ಮಸಾಲೆ ಸೊಪ್ಪು, ಲೂಸರ್ನ್ ಅಂತಾರಲ್ಲ ಅದು, ಜೊತೆಗೆ ಒಣಹುಲ್ಲು. 450 ಕಿಲೋ ಹೆಣ್ಣಿಗೆ ಒಣ ಲೆಕ್ಕದಲ್ಲಿ ದಿನಕ್ಕೆ 9 ಕಿಲೋ.

ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿ. ಪಾವಗಡ, ಸಿರಾ, ನಮ್ಮ ಬಾಗೇಪಲ್ಲಿ ಕಡೆ ಫ್ಲೋರೈಡ್ ಜಾಸ್ತಿ. ಮನುಷ್ಯರಿಗೆ ಲೀಟರಿಗೆ 1.5 ಮಿ.ಗ್ರಾಂ. ಮಿತಿ. ಎರಡು ದಾಟಿದ್ದರೆ ಬೆಳೆಯೋ ಮರಿಗೆ ಮಳೆನೀರು ಅಥವಾ ಬೇರೆ ನೀರು ಹೊಂದಿಸಿ, ಮೊದಲು ಹಾಳಾಗೋದು ಹಲ್ಲು.

ಹುತ್ರಿದುರ್ಗ ತಪ್ಪಲು, ಕುಣಿಗಲ್

'ಆ' ಕಡೆ ವಾಲಿದ್ದೀನಿ. ಮೊನ್ನೆ ಅದರ ಆರು ಮರಿ ನೋಡಿ ಬಂದೆ, ಐದರ ಮಂಡಿ ನೇರ. ಬೆದೆಗೆ 60ರ ಮೇಲಿದೆ ಅಂತ ರಿಜಿಸ್ಟರ್ ತೋರಿಸಿದರು. ಒಂದು ಲಕ್ಷಕ್ಕೆ ಒಪ್ಪಿದ್ದಾರೆ, ಅರ್ಧ 42ನೇ ದಿನದ ಸ್ಕ್ಯಾನ್ ಆದ ಮೇಲೆ, ಅರ್ಧ ಮರಿ ಹಾಲು ಕುಡಿದ ಮೇಲೆ. ಉಳಿದ ದುಡ್ಡು ಸ್ಕ್ಯಾನಿಗೂ ಮೇವಿಗೂ. ಇನ್ನೇನಾದರೂ ಬಿಟ್ಟಿದ್ದೀನಾ ಡಾಕ್ಟ್ರೇ?

1200 ಮೀಟರ್, ಚಿಂತಾಮಣಿ

ಅರ್ಧ ಅರ್ಧ ಒಪ್ಪಿದರಾ! ಹಾಗಾದರೆ ನನ್ನ ವೋಟು ವಾಪಸ್.

ಡಾಕ್ಟರು, ಗೌರಿಬಿದನೂರು

ಒಂದು ಉಳಿದಿದೆ. ಈಗಲೇ ಹೆಣ್ಣಿನ ರಕ್ತದ ಗುಂಪು ಮಾಡಿಸಿಡಿ, ಎಎ ಮತ್ತು ಕ್ಯೂಎ ಎಂಬ ಎರಡು ಅಂಶ. ಹೆಣ್ಣಿನಲ್ಲಿ ಅದಿಲ್ಲದೆ ಗಂಡಿನಲ್ಲಿದ್ದರೆ, ಮರಿಗೆ ಅದು ಬಂದಿದ್ದರೆ, ತಾಯಿಯ ಗಿಣ್ಣುಹಾಲೇ ಮರಿಯ ಕೆಂಪುಕಣ ಒಡೆಯುತ್ತದೆ. ಹುಟ್ಟಿದಾಗ ಗಟ್ಟಿಮುಟ್ಟಾಗಿದ್ದ ಮರಿ ಎರಡನೇ ದಿನ ಜೋಲುತ್ತದೆ, ವಸಡು ಹಳದಿಯಾಗುತ್ತದೆ. ಮೊದಲ ಸೂಲಿಗೆ ಈ ಭಯ ಕಡಿಮೆ, ತಾಯಿಯ ಮೈ ಇನ್ನೂ ಪ್ರತಿಕಾಯ ಕಟ್ಟಿರುವುದಿಲ್ಲ. ಎರಡನೇ ಸೂಲಿಗೂ ಇದೇ ಗಂಡನ್ನು ಹಾಕುವುದಾದರೆ ಆಗ ಈ ಚೀಟಿ ಬೇಕಾಗುತ್ತದೆ.

ಈ ಸಲ ಹುಟ್ಟಿದ ಮರಿ ಎರಡು ಗಂಟೆಯೊಳಗೆ ಕುಡಿಯಬೇಕು. ಕುಡಿಯುವ ಮುನ್ನ ಒಂದು ಹನಿ ಗಿಣ್ಣುಹಾಲನ್ನು ಬ್ರಿಕ್ಸ್ ಮಾಪಕದ ಮೇಲೆ ಹಾಕಿ ನೋಡಿ, 23ಕ್ಕಿಂತ ಮೇಲೆ ತೋರಿಸಿದರೆ ಒಳ್ಳೆಯ ಹಾಲು. ಮಾಪಕ ಇಲ್ಲದಿದ್ದರೆ ದ್ರಾಕ್ಷಿ ಬೆಳೆಗಾರರಲ್ಲಿ ಕೇಳಿ, ಚಿಕ್ಕಬಳ್ಳಾಪುರ ಕಡೆ ಹಣ್ಣಿನ ಸಿಹಿ ನೋಡಲು ಇಟ್ಟುಕೊಂಡಿರುತ್ತಾರೆ. 32ರವರೆಗೆ ಅಳೆಯುವಂಥದ್ದು ಸಾಕು.